ಎಡಗುಡ್ಡದ ಸವಾರರು

ನಮ್ಮ ಭಾವ ಕಣ್ಣೆದುರೇ ಅರ್ಧಕ್ಕರ್ಧ ಕಳೆದುಹೋಗುತ್ತಿದ್ದಾಗ ನಾವು ಕೂತು ಚಪ್ಪಾಳೆ ತಟ್ಟುತ್ತಿದ್ದೆವು. ಹಾಲ್ ತುಂಬ ಜನ, ಎಲ್ಲರೂ ಕಣ್ಣಿದ್ದವರೇ, ಎಲ್ಲರೂ ಅವರನ್ನೇ ನೋಡುತ್ತಿದ್ದವರೇ. ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದು ಹಾಗಿರಲಿ, ಎಂಥಾ ತಲೆ ಈ ಮನುಷ್ಯನದ್ದು ಎಂದು ಹೊಗಳಿದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಜನರಿಗೆ ಹಲ್ಲುಸೆಟ್ಟು ಮಾಡಿಕೊಡುವುದು ಅವರ ಕಸುಬು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂಬದಿಗೆ ಒಂದು ಸಣ್ಣ ಕೋಣೆಯಿದೆ. ಅಲ್ಲಿ ಪ್ಲಾಸ್ಟರಿನ ಅಚ್ಚುಗಳು, ಮೇಣದ ಹಾಳೆಗಳು, ನೀಲಿ ಉರಿಯ ಪುಟ್ಟ ದೀಪ, ಗುಂಯ್ ಎನ್ನುವ ಉಜ್ಜುವ ಯಂತ್ರ. ಎಡಗೈಯಲ್ಲಿ ಅಚ್ಚು ಹಿಡಿದು ಬಲಗೈಯಲ್ಲಿ ಕೆತ್ತುತ್ತ, ಕುರ್ಚಿ ಬಿಟ್ಟೇಳದೆ ಇಡೀ ದಿನ ಕಳೆಯುವವರು ಅವರು. ಮೈಮೇಲೆ ಯಾವಾಗಲೂ ಬಿಳಿ ಪುಡಿ. ನಮ್ಮ ಬೀದಿಯಲ್ಲಿ ವಯಸ್ಸಾದವರು ಯಾರಾದರೂ ಬಾಯ್ತುಂಬ ನಕ್ಕರೆ ಅದು ಹೆಚ್ಚುಕಡಿಮೆ ನಮ್ಮ ಭಾವನ ಕೈಕೆಲಸವೇ. ಅವರದ್ದು ಮಾತ್ರ ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಅನ್ನುವಷ್ಟು ಕಡಿಮೆ ಮಾತು. ಊರವರ ಬಾಯಿ ತುಂಬಿಸಿ ನಿಮ್ಮ ಬಾಯಿ ಖಾಲಿ ಇಟ್ಟುಕೊಂಡಿದ್ದೀರಿ ಎಂದು ನಾನು ರೇಗಿಸಿದರೆ, ಮೀಸೆಯಡಿಯಲ್ಲೇ ನಕ್ಕು ಸುಮ್ಮನಾಗುತ್ತಿದ್ದರು.

ಅವರಿಗೆ ಒಂದೇ ಒಂದು ಹುಚ್ಚು, ಸೈನ್ಯದ್ದು. ನಿಜವಾದ ಸೈನ್ಯವಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಲೋಹದ ಸೈನಿಕರು. ಕೋಟೆ ಕೊತ್ತಲಗಳ ಕಾಲದವರು. ಕವಚ ತೊಟ್ಟ ಕುದುರೆ ಸವಾರರು, ಬಿಲ್ಲುಗಾರರು, ಸೂಜಿಯಂಥ ಈಟಿ ಹಿಡಿದು ಸಾಲುಗಟ್ಟಿ ನಿಂತವರು. ಒಬ್ಬೊಬ್ಬನಿಗೂ ಭಾವನೇ ಭೂತಗನ್ನಡಿ ಇಟ್ಟುಕೊಂಡು ಬಣ್ಣ ಹಚ್ಚಬೇಕು. ಒಸಡಿಗೆ ಬಣ್ಣ ಕೊಟ್ಟು ಪಳಗಿದ ಕೈ, ಸೈನಿಕನ ಹುಬ್ಬು ಬಿಡುತ್ತದೆಯೇ? ಇಬ್ಬರು ಆಟಗಾರರು ದೊಡ್ಡ ಮೇಜಿನ ಆಚೆ ಈಚೆ ನಿಂತು ಇಂಥ ಸೈನ್ಯಗಳನ್ನು ಎದುರುಬದುರು ಇಡುತ್ತಾರೆ. ಟೇಪಿನಲ್ಲಿ ಅಳೆದು ಮುಂದೆ ಸರಿಸುತ್ತಾರೆ. ಎರಡು ಪಡೆ ಡಿಕ್ಕಿ ಹೊಡೆದರೆ ದಾಳ ಉರುಳಿಸಿ ಯಾರು ಉಳಿದರು, ಯಾರು ಓಡಿದರು ಎಂದು ತೀರ್ಮಾನಿಸುತ್ತಾರೆ. ಇಷ್ಟೇ ಆಟ. ಇದಕ್ಕೊಂದು ಸಂಘ, ಸಂಘಕ್ಕೊಂದು ವಾರ್ಷಿಕ ಪಂದ್ಯಾವಳಿ.

ಅಕ್ಕನಿಗೂ ಈ ಸೈನ್ಯಕ್ಕೂ ಮದುವೆಯಾದ ಹೊಸದರಿಂದಲೇ ಎಣ್ಣೆ ಸೀಗೇಕಾಯಿ. ಕಾರಣ ಊಟದ ಮೇಜು.

"ರೀ ದಳವಾಯಿಗಳೇ, ನಿಮ್ಮ ದಂಡು ದಾಳಿ ಎತ್ತಿ, ತಟ್ಟೆ ಇಡ್ಬೇಕು," ಎಂದು ಅಕ್ಕ ಅಡುಗೆಮನೆಯಿಂದ ಕೂಗುತ್ತಿದ್ದಳು. "ಬಣ್ಣ ಒಣಗಿಲ್ಲ ಕಣೇ," ಎಂದು ಭಾವ. "ಹಾಗಾದ್ರೆ ಇವತ್ತು ಅವರ ಜೊತೆನೇ ಊಟ ಮಾಡಿ." ಕೊನೆಗೆ ನಾವೆಲ್ಲ ತಟ್ಟೆ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂರುತ್ತಿದ್ದೆವು. ದಳವಾಯಿ ಎಂಬ ಹೆಸರು ಅಕ್ಕನ ಬಾಯಿಂದ ನನ್ನ ಬಾಯಿಗೆ ಬಂತು, ನನ್ನಿಂದ ಬೀದಿಗೆ ಹೋಯಿತು. ಹಲ್ಲು ಕಟ್ಟಿಸಿಕೊಳ್ಳಲು ಬರುವವರೂ ದಳವಾಯಿ ಇದ್ದಾರಾ ಎಂದೇ ಕೇಳುವಂತಾಯಿತು.

ದಳವಾಯಿ ಎಂದೂ ಗೆದ್ದವರಲ್ಲ. ಅವರದ್ದು ಅತಿ ಮರ್ಯಾದೆಯ ಯುದ್ಧ. ಎದುರಾಳಿ ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚು ಸರಿಸಿದರೂ ಇರಲಿ ಬಿಡಿ ಅನ್ನುವವರು. ಒಂದು ವಿಷಯದಲ್ಲಿ ಮಾತ್ರ ಅವರು ಬೆಂಕಿ. ಯಾರೂ ಇನ್ನೊಬ್ಬರ ಸೈನಿಕರ ಮೇಲೆ ಕೈ ಇಡಬಾರದು. ಸಂಘದಲ್ಲೂ ಅದು ಮೊದಲ ನಿಯಮ. ಎದುರಾಳಿಯ ಒಬ್ಬನೇ ಒಬ್ಬ ಕಾಲಾಳು ಮಗುಚಿ ಬಿದ್ದರೂ ನೋಡುತ್ತ ನಿಲ್ಲಬೇಕು, ಅವನ ಒಡೆಯನೇ ಬಂದು ಎತ್ತಬೇಕು. ಮನೆಯಲ್ಲಿ ಅಕ್ಕ ಮೇಜು ಒರೆಸುವಾಗಲೂ ಸೈನ್ಯದ ಸುತ್ತ ಒರೆಸುತ್ತಿದ್ದಳೇ ಹೊರತು ಮುಟ್ಟುತ್ತಿರಲಿಲ್ಲ. ಗೊಣಗುತ್ತಿದ್ದಳು, ಅದು ಬೇರೆ ಮಾತು.

ಅಂಥವರು ಆ ವರ್ಷ ಅದು ಹೇಗೋ ಫೈನಲ್‌ಗೆ ಬಂದುಬಿಟ್ಟರು. ನಾನು ಬಸ್ ನಿಲ್ದಾಣದ ಟಿಕೆಟ್ ಕೌಂಟರಿಗೆ ರಜೆ ಹಾಕಿ ಹೊರಟೆ. ಅಕ್ಕ, "ಗೊಂಬೆ ಆಟ ನೋಡೋಕೆ ನಾನು ಬೇರೆ ಬರ್ಬೇಕಾ?" ಎಂದು ರಾಗ ಎಳೆಯುತ್ತಲೇ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಅದು ಷಟಲ್ ಆಡುವ ಹಾಲ್. ಮರದ ನೆಲ, ಗೋಡೆಯಂಚಿಗೆ ಸುತ್ತಿಟ್ಟ ನೆಟ್ಟು, ಕೂತರೆ ಕಿರುಗುಟ್ಟುವ ಕಬ್ಬಿಣದ ಕುರ್ಚಿಗಳು. ನಡುವೆ ಟೇಬಲ್ ಟೆನಿಸ್ಸಿನ ಮೇಜುಗಳನ್ನು ಜೋಡಿಸಿ ಹಸಿರು ಬಟ್ಟೆ ಹಾಸಿ ಅದರ ಮೇಲೆ ಥರ್ಮೋಕೋಲಿನ ಗುಡ್ಡ, ಪಾಚಿಯ ಪೊದೆ, ನೀಲಿ ಪಟ್ಟಿಯ ಹೊಳೆ ಇಟ್ಟಿದ್ದರು. ತೀರ್ಪುಗಾರರು ನಿವೃತ್ತ ರೈಲ್ವೆ ಗಾರ್ಡು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಎದುರಾಳಿ ಒಬ್ಬ ಗಣಿತದ ಮೇಷ್ಟ್ರು, ಉದ್ದಕ್ಕೆ ತೆಳ್ಳಗಿದ್ದವರು. ಕೈಯಲ್ಲಿ ಸೀಮೆಸುಣ್ಣ ಇಲ್ಲದಿದ್ದರೂ ಬೆರಳು ಉಜ್ಜಿಕೊಳ್ಳುತ್ತಲೇ ಇರುತ್ತಿದ್ದರು. ಹಿಂದಿನ ವರ್ಷ ಗೆದ್ದವರು ಅವರೇ.

ಭಾವನ ಎಡಗಡೆಗೆ ಒಂದು ಗುಡ್ಡ. ಅದರ ಬುಡದಲ್ಲಿ ಕವಚದ ಸವಾರರು, ಅವರ ಸೈನ್ಯದ ಹುಲಿಗಳು. ಪಕ್ಕದಲ್ಲಿ ಈಟಿಯವರ ಸಾಲು. ಬಲಗಡೆಗೆ ಬಿಲ್ಲುಗಾರರು, ಕಾಲಾಳುಗಳು. ಸೀಟಿ ಊದಿದ ಮೇಲೆ ಭಾವ ಮೊದಲು ಮಾಡಿದ ಕೆಲಸವೆಂದರೆ ಸವಾರರನ್ನು ಗುಡ್ಡ ಹತ್ತಿಸಿದ್ದು. ಮೇಷ್ಟ್ರ ಮುಖ ಸಣ್ಣಗಾಯಿತು. ಆಟ ಗೊತ್ತಿಲ್ಲದ ನನಗೂ ಅರ್ಥವಾಯಿತು. ಅವರು ಮೇಲಿನಿಂದ ನುಗ್ಗಿದರೆ ಕೆಳಗಿದ್ದವರ ಕಥೆ ಮುಗಿದಂತೆಯೇ.

ಅಷ್ಟರಲ್ಲಿ ಚಹಾ ಬಂತು. ಎಲ್ಲರೂ ಕುಡಿದರು. ಭಾವ ಎರಡು ಗುಟುಕು ಕುಡಿದು ಕಪ್ಪು ಕೆಳಗಿಟ್ಟು, ಹಣೆ ಉಜ್ಜಿಕೊಂಡರು. ಮತ್ತೆ ಆಟಕ್ಕೆ ನಿಂತರು.

ಅಲ್ಲಿಂದಾಚೆ ಆಟವೇ ಬೇರೆಯಾಯಿತು. ಭಾವ ಬಲಗಡೆಯಲ್ಲಿ ಒಂದೇ ಸಮ ಒತ್ತಲು ಶುರುಮಾಡಿದರು. ಬಿಲ್ಲುಗಾರರನ್ನು ಸರಿಸಿ, ಕಾಲಾಳುಗಳನ್ನು ಹೊಳೆ ದಾಟಿಸಿ, ದಾಳದ ಮೇಲೆ ದಾಳ ಉರುಳಿಸಿ, ಯಾವತ್ತೂ ಕಾಣದ ಆವೇಶ. ಗುಡ್ಡದ ಮೇಲಿನ ಸವಾರರು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಒಂದು ಸರದಿ ಹೋಯಿತು, ಇನ್ನೊಂದು ಹೋಯಿತು. ಭಾವ ಆ ಕಡೆ ತಿರುಗಿ ಕೂಡ ನೋಡಲಿಲ್ಲ. ಮೇಷ್ಟ್ರು ಬೆವರತೊಡಗಿದರು. ತಮ್ಮ ಸೈನ್ಯದ ಅರ್ಧ ಭಾಗವನ್ನು ಗುಡ್ಡದ ಕೆಳಗೆ ಕಾವಲಿಗೆ ನಿಲ್ಲಿಸಿ, ಉಳಿದರ್ಧದಲ್ಲಿ ಬಲಗಡೆಯ ಹೊಡೆತ ತಿನ್ನುತ್ತಿದ್ದರು.

ನನ್ನ ಪಕ್ಕ ಕೂತಿದ್ದ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಸಂಘದ ಹಳೆಯ ಸದಸ್ಯರು. ಅವರಂತೂ ಕುರ್ಚಿಯ ತುದಿಗೆ ಬಂದಿದ್ದರು.

"ಏನಮ್ಮಾ ನಿಮ್ಮ ಭಾವ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರು ಈ ಬುದ್ಧೀನ? ಕುದುರೆ ಓಡಿಸದೇನೇ ಮೇಷ್ಟ್ರನ್ನ ಕಟ್ಟಿ ಹಾಕಿದ್ದಾರೆ ನೋಡಿ. ಆ ಕಡೆ ಕಣ್ಣು ಕೂಡ ಹಾಯಿಸ್ತಿಲ್ಲ. ಅಬ್ಬಾ, ಆ ಗಟ್ಟಿ ಗುಂಡಿಗೆ!"

"ಆ ನಗು ನೋಡಿ," ಎಂದರು ಹಿಂದಿನಿಂದ ಇನ್ನೊಬ್ಬರು.

ನಿಜ, ಭಾವ ನಗುತ್ತಿದ್ದರು. ತುಟಿಯ ಒಂದು ಕಡೆ ಮಾತ್ರ ಮೇಲಕ್ಕೆ ಎಳೆದ, ಪಕ್ಕಾ ಕಿಲಾಡಿಯ ಓರೆ ನಗು. ಅಕ್ಕ ನನ್ನ ಕಿವಿಯಲ್ಲಿ, "ಈ ಥರ ನಗೋಕೆ ಬರುತ್ತೇನೇ ಇವರಿಗೆ? ನನ್ನ ಹತ್ರ ಒಂದು ದಿನವೂ ನಕ್ಕಿಲ್ಲ," ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು. ನನಗೂ ಎದೆಯುಬ್ಬಿತ್ತು. ಬಲಗಡೆಯಲ್ಲಿ ಮೇಷ್ಟ್ರ ಇನ್ನೊಂದು ಪಡೆ ಮುರಿದು ಓಡಿದಾಗ ಹಾಲ್‌ಗೆ ಹಾಲೇ ಚಪ್ಪಾಳೆ ತಟ್ಟಿತು, ಎಲ್ಲರಿಗಿಂತ ಜೋರಾಗಿ ನಾನು.

ಕೊನೆಗೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಹಾಳಾಗಿ ಹೋಗಲಿ ಎಂಬಂತೆ ಕಾವಲಿಗಿದ್ದ ಕುದುರೆಗಳನ್ನೆಲ್ಲ ಗುಡ್ಡಕ್ಕೆ ನುಗ್ಗಿಸಿದರು. ಮೇಲೆ ಬಿದ್ದವರನ್ನು ತಡೆಯಬೇಕಾದರೆ ಭಾವ ಸವಾರರ ಪರವಾಗಿ ದಾಳ ಹಾಕಬೇಕು.

"ನಿಮ್ಮ ಸವಾರರ ದಾಳ ಹಾಕಿ ಸರ್," ಎಂದರು ಮೇಷ್ಟ್ರು.

"ಯಾವ ಸವಾರರು?" ಎಂದರು ಭಾವ.

ಜನ ಘೊಳ್ಳೆಂದು ನಕ್ಕರು.

"ಗುಡ್ಡದ ಮೇಲಿರೋ ಸವಾರರು."

"ಯಾವ ಗುಡ್ಡ ಮೇಷ್ಟ್ರೇ?"

ಈಗ ಚಪ್ಪಾಳೆಯೇ ಬಿತ್ತು. ಹಾರ್ಡ್‌ವೇರ್ ಯಜಮಾನರು ಕಣ್ಣಲ್ಲಿ ನೀರು ಬರುವಂತೆ ನಗುತ್ತ ನನ್ನ ತೊಡೆ ತಟ್ಟುವುದೊಂದು ಬಾಕಿ. ಮೇಷ್ಟ್ರ ಮುಖ ಕೆಂಪಾಯಿತು. ತಮಾಷೆಗೂ ಒಂದು ಮಿತಿ ಇದೆ ಎಂದು ಹೇಳಲು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಅವರು ಮೇಜಿನ ಮೇಲೆ ಏನನ್ನೋ ನೋಡುತ್ತಿದ್ದರು.

"ಸರ್, ನಿಮ್ಮ ಕೈ," ಎಂದರು. "ಈಟಿ ಮೇಲಿದೆ. ರಕ್ತ ಬರ್ತಿದೆ."

ಭಾವನ ಎಡಗೈ ಅವರದೇ ಈಟಿಯವರ ಸಾಲಿನ ಮೇಲೆ ಅಂಗಾತ ಬಿದ್ದಿತ್ತು. ಯಾವಾಗ ಬಿದ್ದಿತೋ. ಸೂಜಿಮೊನೆಗಳು ಹಿಂಗೈಯೊಳಗೆ ನಾಟಿಕೊಂಡಿದ್ದವು. ಹಸಿರು ಬಟ್ಟೆಯ ಮೇಲೆ ಕೆಂಪು ಕಲೆ ನಿಧಾನವಾಗಿ ಅಗಲವಾಗುತ್ತಿತ್ತು. ಭಾವ ತುಂಬ ಕಷ್ಟಪಟ್ಟು, ಕುತ್ತಿಗೆ ಹಿಡಿದುಕೊಂಡವರಂತೆ, ಆ ಕಡೆ ತಿರುಗಿದರು. ಕೈಯನ್ನು ನೋಡಿದರು. ಅವರ ಮುಖ ಸಿಟ್ಟಿನಿಂದ ಗಂಟಾಯಿತು.

"ಗಾರ್ಡ್ ಸಾಹೇಬ್ರೇ!" ಎಂದು ಕೂಗಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಏನ್ರೀ ಇದು? ಯಾರ್ರೀ ನನ್ನ ಸೈನಿಕರ ಮೇಲೆ ಕೈ ಇಟ್ಟಿರೋದು? ನಿಯಮ ಗೊತ್ತಿಲ್ವಾ? ತೆಗೆಸಿ ಮೊದ್ಲು!"

ಯಾರೂ ನಗಲಿಲ್ಲ. ಗಾರ್ಡ್ ಸಾಹೇಬರ ಬಾಯಲ್ಲಿದ್ದ ಸೀಟಿ ದಾರದ ಜೊತೆ ಎದೆಯ ಮೇಲೆ ಬಿತ್ತು. ಏಳಬೇಕು ಎಂದುಕೊಂಡೆ, ಏಳಲಾಗಲಿಲ್ಲ. ಅಷ್ಟು ಜನ ಗರ ಬಡಿದವರಂತೆ ಕೂತಿದ್ದಾಗ ಎದ್ದವಳು ಅಕ್ಕ ಒಬ್ಬಳೇ. ಕುರ್ಚಿಗಳನ್ನು ತಳ್ಳಿಕೊಂಡು ಹೋಗಿ, ಈಟಿಗಳಿಂದ ಆ ಕೈ ಬಿಡಿಸಿ, ತನ್ನ ಎರಡೂ ಅಂಗೈಯಲ್ಲಿ ಹಿಡಿದಳು.

"ರೀ, ಇದು ನಿಮ್ಮದೇ ಕೈ ಅಲ್ವಾ?"

"ನನ್ನದಾ?" ಭಾವ ದಾಳ ಹಿಡಿದಿದ್ದ ಬಲಗೈ ಎತ್ತಿ ತೋರಿಸಿದರು. "ನನ್ನ ಕೈ ಇಲ್ಲಿದೆಯಲ್ಲ ಕಣೇ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅದು ಓರೆ ನಗುವೂ ಆಗಿರಲಿಲ್ಲ. ಮುಖದ ಎಡಭಾಗ ಜೋತುಬಿದ್ದಿತ್ತು. ಹತ್ತಿರ ಹೋದಾಗ ನೋಡಿದೆ, ಆ ಕಡೆಯ ತುಟಿಯಿಂದ ಎಂಜಲು ಇಳಿದು ಅಂಗಿಯ ಕಾಲರು ಒದ್ದೆಯಾಗಿತ್ತು.

ಗಾರ್ಡ್ ಸಾಹೇಬರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಭಾವನನ್ನು ಮಗುವಿನಂತೆ ಎತ್ತಿ ಸೀಟಿನಲ್ಲಿ ಕೂರಿಸಿದವರು ಮೇಷ್ಟ್ರು, ಜೊತೆಗೇ ಹತ್ತಿದರು. ಬೇಡ ಎನ್ನಲು ಯಾರಿಗೂ ತೋಚಲಿಲ್ಲ. ದಾರಿಯುದ್ದಕ್ಕೂ ಭಾವ, "ಆಟ ಅರ್ಧಕ್ಕೆ ಬಿಟ್ಟು ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ? ನಾನು ಚೆನ್ನಾಗೇ ಇದ್ದೀನಿ," ಎಂದು ನಮ್ಮ ಮೇಲೆ ರೇಗುತ್ತಿದ್ದರು. ನನಗೆ ಭಯವಾದದ್ದು ಆ ಮಾತಿಗೆ. ಅವರಿಗೆ ನಿಜವಾಗಿಯೂ ಏನೂ ಕಮ್ಮಿಯಾದಂತೆ ಅನಿಸಿರಲಿಲ್ಲ. ಪ್ರಪಂಚದ ಅರ್ಧ ಭಾಗವೇ ಹೊರಟುಹೋಗಿದೆ, ಇವರಿಗೆ ಎಲ್ಲಾ ಇದ್ದ ಹಾಗೇ ಇದೆ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಭಾವನ ತಲೆಯ ಸ್ಕ್ಯಾನ್ ಮಾಡಿಸಿ ಓಡೋಡಿ ಬಂದರು.

"ಮೆದುಳಿನ ಬಲಭಾಗಕ್ಕೆ ಹೋಗೋ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದಕ್ಕೇ ಎಡಗಡೆ ಅನ್ನೋದೇ ಅವರಿಗೆ ಗೊತ್ತಾಗ್ತಿಲ್ಲ. ಕರಗಿಸೋಕೆ ಇಂಜೆಕ್ಷನ್ ಇದೆ. ಆದ್ರೆ ಶುರುವಾಗಿ ತುಂಬ ಹೊತ್ತಾಗಿದ್ರೆ ಕೊಡೋ ಹಾಗಿಲ್ಲ. ಕೊಟ್ರೆ ತಲೆ ಒಳಗೇ ರಕ್ತ ಸೋರಿ ಪ್ರಾಣಕ್ಕೇ ಅಪಾಯ ಆಗಬಹುದು. ಇವರು ಸರಿಯಾಗಿದ್ದದ್ದನ್ನ ಕೊನೇ ಸಲ ನೋಡಿದ್ದು ಯಾವಾಗ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ."

"ಬೆಳಿಗ್ಗೆ ಚೆನ್ನಾಗಿದ್ರು," ಎಂದಳು ಅಕ್ಕ.

"ಬೆಳಿಗ್ಗೆ ಅಂದ್ರೆ? ಮನೆಯಿಂದ ಹೊರಟಾಗಲಾ? ಆಟ ಶುರುವಾದಾಗಲಾ? ಆಮೇಲಾ?"

ಅಕ್ಕ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಇಡೀ ಹೊತ್ತು ಕಣ್ಣು ಮಿಟುಕಿಸದೆ ಅವರನ್ನೇ ನೋಡಿದ್ದವರು ನಾವು. ಓರೆ ನಗು ಯಾವಾಗ ಬಂತು? ನೆನಪಿಲ್ಲ. ಕೈ ಯಾವಾಗ ಬಿತ್ತು? ಗೊತ್ತಿಲ್ಲ. "ಮನೆಯಿಂದ ಹೊರಟಾಗ ಅಂತ ಇಟ್ಕೊಂಡ್ರೆ ಇಂಜೆಕ್ಷನ್ ಕೊಡೋಕೆ ನನಗೆ ಧೈರ್ಯ ಬರಲ್ಲ," ಎಂದರು ಡಾಕ್ಟರು. ಅಕ್ಕ ಗೋಡೆಗೆ ಒರಗಿ, "ಅವರಿಗೆ ಎರಡು ಕೈಯೂ ಬೇಕು ಡಾಕ್ಟ್ರೇ, ಒಂದು ಕೈಲಿ ಹಲ್ಲು ಕಟ್ಟೋಕೆ ಆಗಲ್ಲ," ಎಂದಳು. ಯಾರೋ ಕೈಗಳನ್ನು ಹಂಚುತ್ತಿರುವಂತೆ, ಇನ್ನೊಂದು ಕೇಳಿದರೆ ಕೊಡುತ್ತಾರೆಂಬಂತೆ ಕೇಳಿದಳು ನನ್ನ ಅಕ್ಕ.

ಬಾಗಿಲ ಬಳಿ ಬೆರಳು ಉಜ್ಜಿಕೊಳ್ಳುತ್ತ ನಿಂತಿದ್ದ ಮೇಷ್ಟ್ರು ಮುಂದೆ ಬಂದರು.

"ಚಹಾ ಬರೋವರೆಗೂ ಸರಿಯಾಗಿದ್ರು," ಎಂದರು.

ಡಾಕ್ಟರು ತಿರುಗಿ ನೋಡಿದರು. "ಹೇಗೆ ಹೇಳ್ತೀರಿ?"

"ಚಹಾಕ್ಕೆ ಸ್ವಲ್ಪ ಮುಂಚೆ ಎಡಗಡೆ ಸವಾರರನ್ನ ಗುಡ್ಡ ಹತ್ತಿಸಿದ್ರು. ಎಡಗೈಯಲ್ಲೇ. ಒಬ್ಬ ಸವಾರ ಬಾಗಿ ನಿಂತಿದ್ದ, ಅವನನ್ನ ಎರಡು ಬೆರಳಲ್ಲಿ ನೆಟ್ಟಗೆ ಮಾಡಿದ್ರು. ಚಹಾ ಆದ್ಮೇಲೆ ಆ ಕಡೆ ಒಂದು ಸಲವೂ ಕೈ ಹೋಗಿಲ್ಲ, ಕಣ್ಣೂ ಹೋಗಿಲ್ಲ. ಹನ್ನೊಂದು ಗಂಟೆಗೆ ಚಹಾ ಬಂದದ್ದು."

"ಖಂಡಿತಾನಾ? ಇದರ ಮೇಲೆ ನಾನು ತೀರ್ಮಾನ ಮಾಡ್ಬೇಕು."

"ನಾನು ಅವರ ಎದುರಾಳಿ ಅಮ್ಮಾ," ಎಂದರು ಮೇಷ್ಟ್ರು. "ಆ ಕುದುರೆಗಳು ಯಾವಾಗ ನನ್ನ ಮೇಲೆ ಬೀಳ್ತಾವೋ ಅನ್ನೋ ಹೆದರಿಕೆಗೆ ನಾನು ಬೇರೆ ಏನನ್ನೂ ನೋಡಿಲ್ಲ."

ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ಇನ್ನೂ ಹೊತ್ತು ಮೀರಿರಲಿಲ್ಲ. ಸರಸರ ಒಳಗೆ ಹೋದರು, ಬಾಗಿಲು ಹಿಂದೆ ಮುಂದೆ ಆಡಿ ನಿಂತಿತು. ನಾವು ಹೊರಗೆ ಉಳಿದೆವು. ಮೇಷ್ಟ್ರು ನನ್ನ ಪಕ್ಕ ಕೂತು, ಯಾರನ್ನೂ ನೋಡದೆ, "ನಾನು ಅದನ್ನ ತಂತ್ರ ಅಂದ್ಕೊಂಡೆ. ಮನಸ್ಸಲ್ಲಿ ಬೈಕೊಂಡೆ ಕೂಡ," ಎಂದರು. ನಾನು ಏನೆಂದು ಸಮಾಧಾನ ಹೇಳಲಿ? ನಾನು ಚಪ್ಪಾಳೆ ತಟ್ಟಿದವಳು.

ಇಂಜೆಕ್ಷನ್ ಕೊಟ್ಟರು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಮರುದಿನ ಎಡಗೈಯ ಬೆರಳುಗಳು ಅಷ್ಟಿಷ್ಟು ಅಲುಗಿದವು. ನಾನು ಕುಣಿದಾಡುವುದೊಂದು ಬಾಕಿ. ಡಾಕ್ಟರು ಮಾತ್ರ ನಗಲಿಲ್ಲ. ಕೈ ಬರುತ್ತದೆ, ಆದರೆ ಎಡಗಡೆ ಎಂಬುದೊಂದು ಇದೆ ಎಂದು ಮನಸ್ಸಿಗೆ ಮತ್ತೆ ಹೊಳೆಯಬೇಕು, ಅದು ಹೊಳೆಯದಿದ್ದರೆ ಕೈ ಇದ್ದೂ ಇಲ್ಲದಂತೆ ಎಂದರು. ಅದು ಹೇಗಿರುತ್ತದೆ ಎಂದು ಊಟದ ಹೊತ್ತಿಗೆ ಕಂಡಿತು. ಭಾವ ತಟ್ಟೆಯ ಬಲಭಾಗವನ್ನು ಬಳಿದು ತಿಂದರು, ಎಡಭಾಗದ ಅನ್ನ ಗೆರೆ ಎಳೆದು ಬಿಟ್ಟಂತೆ ಹಾಗೇ ಇತ್ತು. "ಈ ಆಸ್ಪತ್ರೆಯಲ್ಲಿ ಹೊಟ್ಟೆ ತುಂಬ ಊಟ ಹಾಕಲ್ಲಮ್ಮ," ಎಂದು ನನ್ನ ಹತ್ತಿರ ದೂರಿದರು. ನಾನು ಮುಖ ತಿರುಗಿಸಿಕೊಂಡೆ. ದಾದಿ ಬಂದು ತಟ್ಟೆಯನ್ನು ತಿರುಗಿಸಿಟ್ಟ ಮೇಲೆ, ಇದ್ದಕ್ಕಿದ್ದಂತೆ ಅನ್ನ ಬಂದದ್ದಕ್ಕೆ ಬೆರಗಾಗಿ ತಿಂದರು.

"ಮನೆಯವರು ಯಾರಾದ್ರೂ ಎಡಗಡೆನೇ ಕೂತು ಮಾತಾಡಿಸ್ತಾ ಇರಿ," ಎಂದಿದ್ದರು ಡಾಕ್ಟರು. "ಬಲಗಡೆ ಕೂತ್ರೆ ಅವರಿಗೆ ಸುಲಭ. ಎಡಗಡೆ ಕೂತ್ರೆ ಒಳ್ಳೇದು. ಆದ್ರೆ ಅವರು ನಿಮ್ಮನ್ನ ನೋಡ್ತಾರೆ ಅಂತ ಕಾಯ್ಬೇಡಿ."

ಅಕ್ಕ ಎಡಗಡೆಗೆ ಕುರ್ಚಿ ಎಳೆದುಕೊಂಡಳು. ಬಲಗಡೆಗೆ ನಾನು ಕೂತೆ. ಅವಳು ಅವರ ಎಡಗೈ ಹಿಡಿದುಕೊಂಡು ಎಡೆಬಿಡದೆ ಮಾತಾಡಿದಳು. ಎಲ್ಲ ನಾನು ಮನೆಯಿಂದ ತಂದ ಸುದ್ದಿಗಳೇ, ಹಾಲಿನವನು ಬಂದದ್ದು, ನಲ್ಲಿ ಸೋರುತ್ತಿರುವುದು, ಪಕ್ಕದ ಮನೆಯಾಕೆ ಹಲ್ಲುಸೆಟ್ಟು ಯಾವಾಗ ಸಿಗುತ್ತದೆ ಎಂದು ಕೇಳಿದ್ದು. ಭಾವ ಮಾತು ಬಂದ ಕಡೆಗಲ್ಲದೆ ನನ್ನ ಕಡೆಗೇ ನೋಡಿ ಹೂಂಗುಟ್ಟುತ್ತಿದ್ದರು. ಒಮ್ಮೆಯಂತೂ, ಅಕ್ಕ ಅವರ ಬೆರಳು ನೀವುತ್ತ ಕೂತಿದ್ದಾಗಲೇ, "ನಿನ್ನ ಅಕ್ಕ ಎಲ್ಲಮ್ಮ? ಮನೆಗೆ ಹೋದ್ಲಾ? ಒಂದು ಸಲ ಬಂದು ನೋಡ್ಬಾರ್ದಾ?" ಎಂದು ನನ್ನನ್ನು ಕೇಳಿದರು. ಅಕ್ಕನ ಕೈ ಒಂದು ಕ್ಷಣ ನಿಂತಿತು. ಇಲ್ಲೇ ಇದ್ದಾಳೆ ಭಾವ, ತಿರುಗಿ ನೋಡಿ ಎಂದೆ. ತಿರುಗಿದರು, ಅರ್ಧ ದಾರಿಯಲ್ಲೇ ಅವರ ಕಣ್ಣು ಸೋತು ಹಿಂದೆ ಬಂತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನಲ್ಲಿಯ ವಿಷಯ ಎತ್ತಿದಳು.

"ಈ ಕಡೆ ಬಾ ಅಕ್ಕ, ನಾನು ಅಲ್ಲಿ ಕೂರ್ತೀನಿ. ಒಂದು ಸಲ ನಿನ್ನ ಮುಖ ಆದ್ರೂ ನೋಡ್ಲಿ," ಎಂದೆ.

"ಬೇಡ," ಎಂದಳು. "ಇಲ್ಲಿ ಯಾರೂ ಇಲ್ಲ ಅಂದ್ರೆ ಅವರು ಯಾಕೆ ಈ ಕಡೆ ಬರ್ತಾರೆ?"

ಸ್ನಾನಕ್ಕೂ ಮನೆಗೆ ಹೋಗಲಿಲ್ಲ ಅವಳು. ಆ ಕುರ್ಚಿಯಲ್ಲೇ ತೂಕಡಿಸಿದಳು, ಆ ಕುರ್ಚಿಯಲ್ಲೇ ಉಂಡಳು. ಮೇಷ್ಟ್ರು ದಿನಾ ಶಾಲೆ ಬಿಟ್ಟ ಮೇಲೆ ಬರುತ್ತಿದ್ದರು, ಅವಳ ಹಿಂದೆ ನಿಂತು ಅವರೂ ಎಡಗಡೆಯಿಂದಲೇ ಭಾವನನ್ನು ಕೂಗುತ್ತಿದ್ದರು. ಉತ್ತರ ನನಗೆ ಸಿಗುತ್ತಿತ್ತು.

ಹೀಗೇ ಒಂದು ಬೆಳಿಗ್ಗೆ ಅಕ್ಕ, ನಲ್ಲಿ ರಿಪೇರಿಯವನು ಕೈಕೊಟ್ಟದ್ದನ್ನು ಹೇಳುತ್ತ ಅವನಿಗೆ ಸಹಸ್ರನಾಮ ಮಾಡುತ್ತಿದ್ದಳು. ಭಾವ ನನ್ನನ್ನು ನೋಡುತ್ತಿದ್ದವರು ಹೂಂಗುಟ್ಟುವುದನ್ನು ನಿಲ್ಲಿಸಿದರು. ಹಣೆ ಗಂಟಿಕ್ಕಿತು. ತಲೆ ದಿಂಬಿನ ಮೇಲೆ ಸ್ವಲ್ಪಸ್ವಲ್ಪವೇ ಹೊರಳಿತು. ನೋಟ ಛಾವಣಿ ದಾಟಿತು, ಕಿಟಕಿ ದಾಟಿತು, ಸಲೈನ್ ಕಂಬದ ಹತ್ತಿರ ನಿಂತಿತು. ಅಕ್ಕ ಬೈಗುಳ ನಿಲ್ಲಿಸಲಿಲ್ಲ, ದನಿ ಮಾತ್ರ ನಡುಗಿತು. ಕಣ್ಣು ಕಂಬವನ್ನೂ ದಾಟಿ ಹೋಗಿ ಅವಳ ಮುಖದ ಮೇಲೆ ನಿಂತಿತು.

"ಅರೆ," ಎಂದರು ಭಾವ. "ನೀನು ಯಾವಾಗ ಬಂದೆ?"

ಗಂಡನ ಒಂದು ಸಣ್ಣ ತಪ್ಪನ್ನೂ ಜನ್ಮದಲ್ಲಿ ಬಿಟ್ಟುಕೊಟ್ಟವಳಲ್ಲ ನನ್ನ ಅಕ್ಕ. ಕೆದರಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು.

"ಈಗ ತಾನೆ ಬಂದೆ ರೀ," ಎಂದಳು.